ಸರ್ಜನ್ ಆಗಿದ್ದವಳು ದುಡ್ಡು ಹಂಚಲು ಕೂತಾಗ

ಆಪರೇಷನ್ ಮಾಡುವುದನ್ನು ಬಿಟ್ಟು, ಆರೋಗ್ಯದ ಕೆಲಸಗಳಿಗೆ ಹಣ ಕೊಡುವ ಒಂದು ದತ್ತಿ ಸಂಸ್ಥೆಯ ಮುಖ್ಯಸ್ಥೆಯಾಗಿ ಹೋಗುತ್ತೇನೆ ಅಂದಾಗ ಜೊತೆಯ ಸರ್ಜನ್‌ಗಳೆಲ್ಲ ಸುತ್ತಿ ಬಳಸಿ ಕೇಳಿದ್ದು ಒಂದೇ ಮಾತು. ಇಷ್ಟು ವರ್ಷ ಪಳಗಿದ ಕೈಯನ್ನು ಸುಮ್ನೆ ಕೂರಿಸ್ತೀರಾ?

ನ್ಯಾಯವಾದ ಪ್ರಶ್ನೆ. ಒಬ್ಬ ಸರ್ಜನ್ ತಯಾರಾಗಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಆ ಕಲಿಕೆಯಲ್ಲಿ ಸಮಾಜದ ದುಡ್ಡಿದೆ, ಹಿರಿಯರ ತಾಳ್ಮೆಯಿದೆ, ಮೇಜಿನ ಮೇಲೆ ಮಲಗಿದ ರೋಗಿಗಳ ನಂಬಿಕೆಯಿದೆ. ಪ್ರತಿ ಒಂದು ಲಕ್ಷ ಜನಕ್ಕೆ ಸರ್ಜನ್, ಅನಸ್ತೇಶಿಯಾ ವೈದ್ಯರು, ಹೆರಿಗೆ ತಜ್ಞರು ಎಲ್ಲ ಸೇರಿ ಕನಿಷ್ಠ 20 ಮಂದಿಯಾದರೂ ಇರಬೇಕು ಅಂತ, ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ಕೂಡಿಸಿದ್ದ ಜಾಗತಿಕ ಶಸ್ತ್ರಚಿಕಿತ್ಸೆಯ ಆಯೋಗ 2015ರಲ್ಲಿ ಹೇಳಿತು. ಬಡ ದೇಶಗಳು ಆ ಸಂಖ್ಯೆಯ ಹತ್ತಿರವೂ ಇಲ್ಲ. ಅಂಥದ್ದರಲ್ಲಿ ಇರುವವಳೂ ಎದ್ದು ಹೋದರೆ ಹೇಗೆ, ಅಲ್ವಾ? ಆಗ ನಾನು ಕೊಟ್ಟ ಉತ್ತರ ಚಿಕ್ಕದಿತ್ತು. ಈಗ ಈ ಕುರ್ಚಿಯಲ್ಲಿ ಕೆಲವು ವರ್ಷ ಕೂತ ಮೇಲೆ ಸ್ವಲ್ಪ ಉದ್ದವಾಗಿ ಹೇಳಬಹುದು ಅನ್ನಿಸುತ್ತದೆ.

ಹರ್ನಿಯಾದಿಂದ ಶುರು ಮಾಡುತ್ತೇನೆ. ಹೊಟ್ಟೆಯ ಗೋಡೆ ಸಡಿಲವಾದ ಕಡೆ ಕರುಳು ಹೊರಕ್ಕೆ ಚಾಚಿ ತೊಡೆಸಂದಿಯಲ್ಲಿ ಒಂದು ಉಬ್ಬು. ಕೆಮ್ಮಿದರೆ ಹೊರಗೆ ಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಬಂದರೆ ಒಂದು ಗಂಟೆಯ ಕೆಲಸ, ಒಂದೆರಡು ದಿನದಲ್ಲಿ ಮನೆ. ಆದರೆ ತುಂಬ ಜನ ಬರುವುದಿಲ್ಲ. ನೋವೇನೂ ಇಲ್ಲವಲ್ಲ ಅಂತ ವರ್ಷಗಟ್ಟಲೆ ಹಾಗೇ ಓಡಾಡಿಕೊಂಡಿರುತ್ತಾರೆ. ರಜೆ ಹಾಕಿದರೆ ಕೂಲಿ ತಪ್ಪುತ್ತದೆ, ಮಕ್ಕಳ ಫೀಸು ಕಟ್ಟಬೇಕು, ಆಮೇಲೆ ನೋಡೋಣ. ಒಂದು ದಿನ ಆ ಉಬ್ಬು ಒಳಗೆ ಹೋಗುವುದೇ ಇಲ್ಲ. ವಾಂತಿ ಶುರುವಾಗುತ್ತದೆ, ಹೊಟ್ಟೆ ಬಿಗಿಯುತ್ತದೆ, ನೋವು ತಡೆಯಲಾಗುವುದಿಲ್ಲ. ಹತ್ತಿರದಲ್ಲಿ ಆಪರೇಷನ್ ಆಗುವ ಆಸ್ಪತ್ರೆ ಇಲ್ಲ. ದುಡ್ಡು ಹೊಂದಿಸಿ, ಗಾಡಿ ಹೊಂದಿಸಿ ಬರುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ.

ತೆರೆದು ನೋಡಿದರೆ ಸಿಕ್ಕಿಕೊಂಡ ಕರುಳಿನ ಸುರುಳಿ ಕಪ್ಪಗಿರುತ್ತದೆ. ಅದನ್ನು ಬಿಗಿದ ಉಂಗುರ ಬಿಡಿಸಿ, ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾಯುತ್ತೇವೆ. ಆಮ್ಲಜನಕ ಜಾಸ್ತಿ ಕೊಡಿ ಅಂತ ಅನಸ್ತೇಶಿಯಾ ವೈದ್ಯರಿಗೆ ಹೇಳುತ್ತೇವೆ. ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಯಾರೂ ಜಾಸ್ತಿ ಮಾತಾಡುವುದಿಲ್ಲ. ಹತ್ತು ನಿಮಿಷ ಬಿಟ್ಟು ಬಟ್ಟೆ ತೆಗೆಯುತ್ತೇವೆ. ಬಣ್ಣ ತಿರುಗಿತೇ? ಮೇಲ್ಮೈಗೆ ಹೊಳಪು ಬಂತೇ? ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಕರುಳು ಅಲುಗುತ್ತದೆಯೇ? ಪಕ್ಕದ ರಕ್ತನಾಳ ಮಿಡಿಯುತ್ತಿದೆಯೇ? ಇಲ್ಲ ಅಂದರೆ ಅಷ್ಟು ಭಾಗ ಕತ್ತರಿಸಿ ತೆಗೆದು ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿಯಬೇಕು. ಒಂದು ಗಂಟೆಯಲ್ಲಿ ಮುಗಿಯಬೇಕಿದ್ದದ್ದು ಐಸಿಯುವರೆಗೆ ಹೋಗುತ್ತದೆ. ಮನೆಯವರ ತಲೆ ಮೇಲೆ ಸಾಲ ಬೀಳುತ್ತದೆ. ಕೆಲವರು ಉಳಿಯುವುದೂ ಇಲ್ಲ.

ಆ ಹತ್ತು ನಿಮಿಷದ ಕಾಯುವಿಕೆಯಲ್ಲೇ ಈ ಯೋಚನೆ ನನಗೆ ಹತ್ತಿಕೊಂಡದ್ದು. ನನ್ನ ಪಾಲಿನ ಕೆಲಸ ನಾನು ಮಾಡುತ್ತಿದ್ದೆ. ಆದರೆ ಹರ್ನಿಯಾ ಇರುವ ಮನುಷ್ಯನನ್ನು ಇಂಥ ಸ್ಥಿತಿಗೆ ತಂದದ್ದು ದೂರ, ದುಡ್ಡು, ಹತ್ತಿರದ ಆಸ್ಪತ್ರೆಯಲ್ಲಿ ಖಾಲಿ ಬಿದ್ದಿದ್ದ ಅನಸ್ತೇಶಿಯಾ ಹುದ್ದೆ. ಅವುಗಳಿಗೆ ನನ್ನ ಟ್ರೇಯಲ್ಲಿ ಯಾವ ಉಪಕರಣವೂ ಇರಲಿಲ್ಲ.

ಆ ಲ್ಯಾನ್ಸೆಟ್ ಆಯೋಗದ 2015ರ ವರದಿ ಓದಿದಾಗ ನಾನು ಓಟಿಯಲ್ಲಿ ಒಬ್ಬೊಬ್ಬರಾಗಿ ನೋಡುತ್ತಿದ್ದುದು ಅಂಕಿಯಾಗಿ ಎದುರಿಗೆ ಬಂತು. ಬೇಕಾದಾಗ ಸುರಕ್ಷಿತವಾದ, ಕೈಗೆಟುಕುವ ಆಪರೇಷನ್ ಸಿಗದವರು ಜಗತ್ತಿನಲ್ಲಿ 500 ಕೋಟಿ ಜನ. ವರ್ಷಕ್ಕೆ ಸುಮಾರು 31.3 ಕೋಟಿ ಆಪರೇಷನ್ ನಡೆಯುತ್ತವೆ. ಜಗತ್ತಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಇರುವ ಅತಿ ಬಡ ದೇಶಗಳಲ್ಲಿ ನಡೆಯುವುದು ಅದರಲ್ಲಿ ಶೇ. 6 ಮಾತ್ರ. ಪ್ರತಿ ವರ್ಷ ಇನ್ನೂ 14.3 ಕೋಟಿ ಆಪರೇಷನ್ ಆಗಬೇಕಿದೆ. ಇವನ್ನೆಲ್ಲ ಓದುತ್ತಾ ಹೋದವಳು ನಿಂತದ್ದು ಒಂದು ಕಡೆ. ಆಪರೇಷನ್ ಮತ್ತು ಅನಸ್ತೇಶಿಯಾದ ಬಿಲ್ಲು ಕಟ್ಟಿ ವರ್ಷಕ್ಕೆ 3.3 ಕೋಟಿ ಜನ ಹಣಕಾಸಿನಲ್ಲಿ ಕುಸಿಯುತ್ತಾರೆ. ಅದರ ಮೇಲೆ ಇನ್ನೂ 4.8 ಕೋಟಿ ಜನ ಕುಸಿಯುವುದು ಚಿಕಿತ್ಸೆಗೆ ಸಂಬಂಧವೇ ಇಲ್ಲದ ಖರ್ಚಿನಿಂದ. ಅಂದರೆ ಹೋಗಿ ಬರುವ ಖರ್ಚು, ಉಳಿದುಕೊಳ್ಳುವ ಖರ್ಚು, ಊಟ. ಬಿಲ್ಲಿಗಿಂತ ದಾರಿಯೇ ಹೆಚ್ಚು ಜನರನ್ನು ಮುಳುಗಿಸುತ್ತಿದೆ. ನಾನು ಕೇಸ್ ಶೀಟಿನಲ್ಲಿ ಯಾವತ್ತೂ ಬರೆದುಕೊಳ್ಳದ ಖರ್ಚು ಅದು. ಬರೆದುಕೊಳ್ಳುವ ಜಾಗವೂ ಆ ಶೀಟಿನಲ್ಲಿ ಇರಲಿಲ್ಲ.

ಹಣ ಕೊಡುವವರು ಬಹಳ ಕಾಲ ಈ ಕಡೆ ನೋಡಲಿಲ್ಲ. 2008ರಲ್ಲಿ ಪಾಲ್ ಫಾರ್ಮರ್ ಮತ್ತು ಜಿಮ್ ಕಿಮ್ ಎಂಬ ಇಬ್ಬರು ವೈದ್ಯರು ಜಾಗತಿಕ ಆರೋಗ್ಯದ ಮನೆಯಲ್ಲಿ ಶಸ್ತ್ರಚಿಕಿತ್ಸೆ ಮಲಮಗುವಾಗಿದೆ ಅಂತ ಬರೆದರು. ಕಾರಣ ಊಹಿಸುವುದು ಕಷ್ಟವಲ್ಲ. ಲಸಿಕೆಯನ್ನು ಎಣಿಸಬಹುದು, ಸೊಳ್ಳೆಪರದೆಯನ್ನು ಎಣಿಸಬಹುದು, ಮಾತ್ರೆಯನ್ನೂ ಎಣಿಸಬಹುದು. ಒಂದು ಸಿಸೇರಿಯನ್ ಆಗಬೇಕಾದರೆ ನೀರು, ಕರೆಂಟು, ರಕ್ತ, ಆಮ್ಲಜನಕ, ಸ್ಟೆರಿಲೈಸ್ ಆದ ಸೆಟ್ಟು, ಎಚ್ಚರವಾಗಿರುವ ಸಿಸ್ಟರ್ ಎಲ್ಲವೂ ಒಂದೇ ರಾತ್ರಿ ಒಂದೇ ಜಾಗದಲ್ಲಿ ಇರಬೇಕು. ಒಂದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಇಂಥದ್ದಕ್ಕೆ ದುಡ್ಡು ಕೊಡುವವರ ಪಕ್ಕದಲ್ಲಿ ಆ ರಾತ್ರಿಗಳನ್ನು ಕಂಡವರು ಒಬ್ಬರಾದರೂ ಇರಬೇಕು ಅನ್ನುವುದೇ ನಾನು ಹೊರಟದ್ದಕ್ಕೆ ಕಾರಣ.

ಹೋದ ಮೇಲೆ ಗೊತ್ತಾದದ್ದು ಬೇರೆ. ಕೈ ಖಾಲಿಯಾಗಿದ್ದು ನನ್ನನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು, ನನಗೆ ಯಾರೂ ನಿಜ ಹೇಳುತ್ತಿಲ್ಲ ಅನ್ನುವುದು.

ಸರ್ಜನ್ ಹತ್ತಿರ ನಿಜ ತಾನಾಗೇ ಬರುತ್ತದೆ. ಹೊಲಿಗೆ ಸರಿಯಾಗಿ ಕೂರದಿದ್ದರೆ ರಕ್ತ ಹೇಳುತ್ತದೆ. ಕರುಳಿನ ಜೋಡಣೆ ಸೋರುತ್ತಿದ್ದರೆ ನಾಲ್ಕನೇ ದಿನವೋ ಐದನೇ ದಿನವೋ ಜ್ವರ ಹೇಳುತ್ತದೆ, ನಾಡಿ ಹೇಳುತ್ತದೆ, ಡ್ರೇನಿನಲ್ಲಿ ಬರುವ ದ್ರವದ ಬಣ್ಣ ಹೇಳುತ್ತದೆ. ರೋಗಿಯ ದೇಹಕ್ಕೆ ನನ್ನ ಹುದ್ದೆ ಗೊತ್ತಿಲ್ಲ, ದಾಕ್ಷಿಣ್ಯ ಗೊತ್ತಿಲ್ಲ. ಬೆಳಗಿನ ರೌಂಡ್ಸಿನಲ್ಲಿ ಚಾದರ ಸರಿಸಿ ಹೊಟ್ಟೆ ಮುಟ್ಟಿದರೆ ನಿನ್ನೆಯ ಕೆಲಸದ ಫಲ ಅಲ್ಲೇ ಇರುತ್ತದೆ.

ಹಣ ಕೊಡುವ ಕುರ್ಚಿಯಲ್ಲಿ ಹಾಗಲ್ಲ. ಎದುರಿಗೆ ಬಂದು ಕೂರುವ ಬಹುತೇಕ ಎಲ್ಲರಿಗೂ ನಮ್ಮಿಂದ ಏನೋ ಬೇಕಾಗಿರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಅವರಿಗೆ ಬೇಕಾಗಿರುವುದು ಬಡವರ ಚಿಕಿತ್ಸೆಗೇ. ಆದರೆ ನನ್ನ ಸಾಧಾರಣ ಮಾತಿಗೂ ಜನ ತಲೆಯಾಡಿಸತೊಡಗಿದರು. ಗುರಿ ಮುಟ್ಟಿದೆವು, ಗುರಿಗಿಂತ ಮುಂದೆ ಹೋದೆವು ಅನ್ನುವ ವರದಿಗಳು ಮೇಜಿನ ಮೇಲೆ ಪೇರುತ್ತಾ ಹೋದವು. ಯಾವುದರಲ್ಲೂ ಜ್ವರವಿಲ್ಲ. ಸರ್ಜನ್ ಆಗಿದ್ದವಳಿಗೆ ಅನುಮಾನ ಬರದೆ ಇದ್ದೀತೇ? ಒಂದು ವಾರ್ಡಿನಲ್ಲಿ ಒಂದೂ ತೊಡಕಾಗಿಲ್ಲ ಅಂತ ವರ್ಷವಿಡೀ ಬರೆದುಕೊಂಡು ಬಂದರೆ ಅಲ್ಲಿ ಯಾರೂ ಗಾಯ ಬಿಚ್ಚಿ ನೋಡುತ್ತಿಲ್ಲ ಅಂತಲೇ ಅರ್ಥ.

ಆಗ ನನಗೆ ಪಾಲ್ ಬ್ರ್ಯಾಂಡ್ ನೆನಪಾದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಮೂಳೆ ಸರ್ಜನ್ ಅವರು. ಕುಷ್ಠರೋಗದಿಂದ ಮಡಚಿಹೋದ ಕೈಗಳಿಗೆ, ಚೆನ್ನಾಗಿರುವ ಸ್ನಾಯುವಿನ ತಂತುವನ್ನು ಜಾಗ ಬದಲಿಸಿ ಜೋಡಿಸಿ, ಬೆರಳು ಮತ್ತೆ ಹಿಡಿಯುವಂತೆ ಮಾಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೂ ದೊಡ್ಡ ಕೆಲಸವೇ. ಆದರೆ ಸರಿಮಾಡಿದ ಕೈಗಳು ಮತ್ತೆ ಗಾಯವಾಗಿ ವಾಪಸ್ ಬರುತ್ತಿದ್ದವು. ಯಾಕೆ ಅಂತ ಅವರು ಬೆನ್ನುಹತ್ತಿದರು. ರೋಗವೇ ಬೆರಳನ್ನು ತಿಂದುಹಾಕುತ್ತದೆ ಅಂತ ಆಗಿನ ನಂಬಿಕೆ. ಬ್ರ್ಯಾಂಡ್ ಕಂಡುಕೊಂಡದ್ದು ಬೇರೆ. ರೋಗ ಕೊಲ್ಲುವುದು ನರವನ್ನು. ನರ ಸತ್ತರೆ ನೋವು ಗೊತ್ತಾಗುವುದಿಲ್ಲ. ಬಿಸಿ ಪಾತ್ರೆ ಹಿಡಿದರೂ, ಕಾಲಿಗೆ ಮೊಳೆ ಚುಚ್ಚಿದರೂ ಮನುಷ್ಯ ಹಾಗೇ ಮುಂದುವರಿಯುತ್ತಾನೆ. ದಿನ ದಿನದ ಸಣ್ಣ ಗಾಯಗಳೇ ಬೆರಳನ್ನು, ಪಾದವನ್ನು ಕರಗಿಸುತ್ತವೆ. ಹಾಗಾಗಿ ಆ ಸರ್ಜನ್ ಮೃದುವಾದ ರಬ್ಬರಿನ ಚಪ್ಪಲಿ ಮಾಡಿಸುವ ಕೆಲಸಕ್ಕೂ ಕೂತರು.

ನಂತರ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಅವರೊಂದು ಪ್ರಯತ್ನ ಮಾಡಿದರು. ನೋವು ಗೊತ್ತಾಗದವರಿಗೆ ಯಂತ್ರದಿಂದ ಎಚ್ಚರಿಕೆ ಕೊಡಿಸುವುದು. ಒತ್ತಡ ಜಾಸ್ತಿಯಾದರೆ ಶಬ್ದವಾಗುವ, ಬೆಳಕು ಹೊತ್ತುವ ಸಾಧನ. ಅದು ಫಲ ಕೊಡಲಿಲ್ಲ. ಶಬ್ದ ಬಂದರೂ ಜನ ಕೈಯಲ್ಲಿದ್ದ ಕೆಲಸ ಮುಗಿಸಿಯೇ ತೀರುತ್ತಿದ್ದರು. ಶಾಕ್ ಕೊಡುವಂತೆ ಮಾಡಿದರೆ ಸ್ವಿಚ್ ಆಫ್ ಮಾಡಿಬಿಡುತ್ತಿದ್ದರು. ಆರಿಸಲು ಬರುವ ನೋವು ಯಾರನ್ನೂ ಕಾಯುವುದಿಲ್ಲ.

ದತ್ತಿ ಸಂಸ್ಥೆ ನನಗೆ ಈಗಲೂ ಆ ನರ ಸತ್ತ ಕೈಯಂತೆಯೇ ಕಾಣುತ್ತದೆ. ವ್ಯಾಪಾರದಲ್ಲಿ ಗಿರಾಕಿ ಕೈಬಿಟ್ಟರೆ ಅಂಗಡಿಗೆ ಗೊತ್ತಾಗುತ್ತದೆ. ಸರ್ಕಾರ ಕೆಟ್ಟದಾಗಿ ನಡೆಸಿದರೆ ಚುನಾವಣೆಯಲ್ಲಿ ಗೊತ್ತಾಗುತ್ತದೆ. ನಾವು ಕೊಟ್ಟ ದುಡ್ಡು ಒಬ್ಬ ರೋಗಿಗೂ ತಲುಪದಿದ್ದರೆ ನಮಗೆ ಗೊತ್ತಾಗುವ ದಾರಿಯೇ ಇಲ್ಲ. ಮುಂದಿನ ವರ್ಷವೂ ಮೂಲನಿಧಿಯಿಂದ ಅಷ್ಟೇ ಬಡ್ಡಿ ಬರುತ್ತದೆ, ಅಷ್ಟೇ ಜನ ಬಾಗಿಲಿಗೆ ಬರುತ್ತಾರೆ, ಅಷ್ಟೇ ಶಾಲು ಹೊದಿಸುತ್ತಾರೆ. ಪರದೆಯ ಮೇಲೆ ಹಸಿರು ಹಳದಿ ಬಣ್ಣದ ಪಟ್ಟಿ ತೋರಿಸುವ ಸಾಫ್ಟ್‌ವೇರ್ ಹಾಕಿಸಿಕೊಂಡರೂ ಅಷ್ಟೆ. ಬೇಡದಿದ್ದಾಗ ಆರಿಸಬಹುದಲ್ಲ.

ಒಂದು ಸಣ್ಣ ಆಸ್ಪತ್ರೆಗೆ ಹೋದದ್ದನ್ನು ಹೇಳಬೇಕು. ಅಲ್ಲಿನ ಓಟಿ ಚೊಕ್ಕವಾಗಿತ್ತು. ಮೂಲೆಯಲ್ಲಿ ದೊಡ್ಡ ಅನಸ್ತೇಶಿಯಾ ಯಂತ್ರ, ಮೇಲೆ ಇಸ್ತ್ರಿ ಮಾಡಿದ ಹಸಿರು ಬಟ್ಟೆ. ಬೇರೆ ಯಾರೋ ದಾನಿಗಳು ಕೊಟ್ಟದ್ದು. ಓಟಿ ಸಿಸ್ಟರ್ ಜೊತೆ ಮಾತಾಡುತ್ತಾ ಬಟ್ಟೆ ಎತ್ತಿ ನೋಡಿದೆ. ಟ್ಯೂಬುಗಳಿಗೆ ಕಂಪನಿಯ ಪ್ಲಾಸ್ಟಿಕ್ ಇನ್ನೂ ಅಂಟಿಕೊಂಡೇ ಇತ್ತು. ಪಕ್ಕದಲ್ಲಿ ಅನಸ್ತೇಶಿಯಾ ಕೊಡುವ ಹಳೆಯ ಡ್ರಾಓವರ್ ಉಪಕರಣವಿತ್ತು. ಕೆಲಸವೆಲ್ಲ ಅದರಲ್ಲೇ ನಡೆಯುತ್ತಿತ್ತು. ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು ನಡೆಯುವಂಥದ್ದು ಅದು.

"ಇದನ್ನ ಯಾಕೆ ಬಳಸ್ತಿಲ್ಲ ಸಿಸ್ಟರ್?" ಅಂದೆ.

"ಇದಕ್ಕೆ ಪ್ರೆಷರ್‌ನಲ್ಲಿ ಬರೋ ಆಕ್ಸಿಜನ್ ಬೇಕು ಮೇಡಂ. ನಮ್ಮಲ್ಲಿ ಇರೋದು ಗಾಳಿಯಿಂದ ಆಕ್ಸಿಜನ್ ಬೇರೆ ಮಾಡೋ ಕಾನ್ಸಂಟ್ರೇಟರ್, ಅದರಲ್ಲಿ ಅಷ್ಟು ಪ್ರೆಷರ್ ಬರಲ್ಲ. ಸಿಲಿಂಡರ್ ವಾರಕ್ಕೊಂದು ಸಲ ಬಂದ್ರೆ ಬಂತು."

"ಕೊಟ್ಟವರಿಗೆ ಹೇಳಿದ್ರಾ?"

ಆಕೆ ಬಾಗಿಲ ಕಡೆ ಒಮ್ಮೆ ನೋಡಿದರು. "ಹೇಳಿದ್ರೆ ಮುಂದಿನ ಸಲ ಏನೂ ಕೊಡಲ್ಲ ಅಂತ ನಮ್ಮ ದೊಡ್ಡ ಡಾಕ್ಟ್ರು ಬೇಡ ಅಂದ್ರು ಮೇಡಂ. ಅವರು ಬಂದಾಗ ಬಟ್ಟೆ ತೆಗೆದು ಇಡ್ತೀವಿ."

ನನಗೆ ಆ ಹಿರಿಯ ವೈದ್ಯರ ಮೇಲೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಅವರಿಗೆ ಸಂಬಳ ಕೊಡಬೇಕಿತ್ತು, ಆಂಬುಲೆನ್ಸಿಗೆ ಡೀಸೆಲ್ ಹಾಕಿಸಬೇಕಿತ್ತು. ನಿಜ ಹೇಳಿದರೆ ಅದಕ್ಕೆ ದಂಡ ಕಟ್ಟಬೇಕಾದವರು ಅವರ ರೋಗಿಗಳು. ನಾನು ಆ ಜಾಗದಲ್ಲಿದ್ದರೂ ಬಟ್ಟೆ ತೆಗೆದು ಇಡಿಸುತ್ತಿದ್ದೆನೋ ಏನೋ. ಇದು ಒಂದೇ ಆಸ್ಪತ್ರೆಯ ಕಥೆಯಲ್ಲ. ಬಡ ದೇಶಗಳ ಆಸ್ಪತ್ರೆಗಳಲ್ಲಿರುವ ವೈದ್ಯಕೀಯ ಉಪಕರಣಗಳಲ್ಲಿ ಸುಮಾರು ಶೇ. 40ರಷ್ಟು ಕೆಲಸ ಮಾಡದೆ ಬಿದ್ದಿವೆ ಅಂತ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತ್ತು. ಯಂತ್ರ ಕೊಡಲು ದಾನಿಗಳು ಸಿಗುತ್ತಾರೆ. ಅದರ ಬಿಡಿಭಾಗಕ್ಕೆ, ಸ್ಟೆಬಿಲೈಸರಿಗೆ, ರಿಪೇರಿ ಗೊತ್ತಿರುವ ಒಬ್ಬ ಹುಡುಗನ ಸಂಬಳಕ್ಕೆ ಸಿಗುವುದು ಕಷ್ಟ. ಅದರ ಮೇಲೆ ಹೆಸರಿನ ಫಲಕ ಹಾಕಲಾಗುವುದಿಲ್ಲವಲ್ಲ.

ಇದಕ್ಕೆ ಮದ್ದು ನನಗೆ ಸಿಕ್ಕಿದ್ದು ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಅಲ್ಲ, ಸರ್ಜನ್‌ಗಳ ಇತಿಹಾಸದಲ್ಲೇ. ಅರ್ನೆಸ್ಟ್ ಕಾಡ್‌ಮನ್ ಅಂತ ಬಾಸ್ಟನ್‌ನಲ್ಲಿ ಒಬ್ಬ ಸರ್ಜನ್ ಇದ್ದರು. ನೂರು ವರ್ಷಕ್ಕೂ ಹಿಂದಿನ ಮಾತು. ಅವರು ಕೇಳಿದ್ದು ಬಹಳ ಸರಳ. ಪ್ರತಿ ರೋಗಿಗೂ ಒಂದು ಸಣ್ಣ ಕಾರ್ಡು ಇಡೋಣ. ಏನು ಕಾಯಿಲೆ ಅಂದುಕೊಂಡೆವು, ಏನು ಮಾಡಿದೆವು, ಏನು ತೊಡಕಾಯಿತು, ಒಂದು ವರ್ಷದ ನಂತರ ಆ ಮನುಷ್ಯ ಹೇಗಿದ್ದಾನೆ. ಸರಿಹೋಗದಿದ್ದರೆ ಯಾಕೆ ಅಂತ ಹುಡುಕೋಣ, ಅದನ್ನು ಎಲ್ಲರಿಗೂ ಹೇಳೋಣ. ಕೊನೆಯ ಫಲಿತಾಂಶದ ಪದ್ಧತಿ ಅಂತ ಅದನ್ನು ಕರೆದರು. ಅವರಿದ್ದ ಮ್ಯಾಸಚೂಸೆಟ್ಸ್ ಜನರಲ್ ಅನ್ನುವ ದೊಡ್ಡ ಆಸ್ಪತ್ರೆಯಲ್ಲಿ ಇದು ಯಾರಿಗೂ ಹಿಡಿಸಲಿಲ್ಲ. 1911ರಲ್ಲಿ ಅವರು ತಮ್ಮದೇ ಸಣ್ಣ ಆಸ್ಪತ್ರೆ ತೆರೆದರು. 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹುದ್ದೆ ಬಿಟ್ಟರು. 1916ರವರೆಗೆ ತಮ್ಮ ಆಸ್ಪತ್ರೆಯಿಂದ ಮನೆಗೆ ಹೋದ 337 ರೋಗಿಗಳ ಲೆಕ್ಕ ಬಿಚ್ಚಿಟ್ಟು, ಅದರಲ್ಲಿ 123 ತಪ್ಪುಗಳಾಗಿವೆ ಅಂತ ತಾವೇ ಅಚ್ಚು ಹಾಕಿಸಿದರು. ಜೊತೆಯವರು ದೂರವಾದರು. 1940ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಕಲ್ಲೂ ಇರಲಿಲ್ಲ. ಇವತ್ತು ಒಳ್ಳೆಯ ಆಸ್ಪತ್ರೆ ಅನ್ನಿಸಿಕೊಂಡ ಕಡೆಯೆಲ್ಲ ಸಾವು ಮತ್ತು ತೊಡಕುಗಳ ಮೀಟಿಂಗ್ ನಡೆಯುತ್ತದೆ. ಅದರ ಬೇರು ಅಲ್ಲಿದೆ.

ಆ ಮೀಟಿಂಗುಗಳಲ್ಲಿ ನಾನು ಬೆಳೆದೆ. ಒಬ್ಬರು ಎದ್ದು ನಿಂತು ತಮ್ಮ ಕೇಸು ಹೇಳುತ್ತಾರೆ. ಎಷ್ಟು ಗಂಟೆಗೆ ಕರೆ ಬಂತು, ಎಷ್ಟು ಗಂಟೆಗೆ ನೋಡಿದಿರಿ, ಆ ಸ್ಕ್ಯಾನ್ ಯಾಕೆ ಮಾಡಿಸಲಿಲ್ಲ. ಯಾರು ಅನ್ನುವುದಕ್ಕಿಂತ ಏನಾಯಿತು ಅನ್ನುವುದೇ ಮುಖ್ಯ. ಸರ್ಜರಿಯಿಂದ ದತ್ತಿ ಕೆಲಸಕ್ಕೆ ನಾನು ತಂದ ವಸ್ತು ಏನಾದರೂ ಇದ್ದರೆ ಅದು ಈ ಮೀಟಿಂಗ್. ಈಗ ನಮ್ಮ ಸಂಸ್ಥೆಯಲ್ಲಿ ಪ್ರತಿ ಅನುದಾನಕ್ಕೂ ಒಂದು ಹಾಳೆಯ ಕಾರ್ಡಿದೆ. ದುಡ್ಡು ಮುಗಿದು ಒಂದು ವರ್ಷವಾದ ಮೇಲೆ ನಮ್ಮವರು ಹೋಗಿ ನೋಡಿಕೊಂಡು ಬರುತ್ತಾರೆ. ತರಬೇತಾದ ಸಿಸ್ಟರ್ ಅಲ್ಲೇ ಇದ್ದಾರಾ? ಯಂತ್ರ ಓಡುತ್ತಿದೆಯಾ? ರಾತ್ರಿ ಬಂದ ಗರ್ಭಿಣಿಗೆ ಆಪರೇಷನ್ ಆಗುತ್ತಿದೆಯಾ, ಇಲ್ಲ ಮುಂದಕ್ಕೆ ಕಳಿಸುತ್ತಿದ್ದಾರಾ? ಕೆಟ್ಟದ್ದು ಕಂಡರೆ ಟ್ರಸ್ಟಿಗಳ ಮುಂದೆ ಅದೇ ಮೊದಲು ಬರಬೇಕು. ಆರಿಸುವ ಸ್ವಿಚ್ಚು ನನ್ನ ಕೈಯಲ್ಲಿ ಇರಬಾರದು ಅಂತ ಕಾರ್ಡುಗಳು ನೇರ ಟ್ರಸ್ಟಿಗಳಿಗೇ ಹೋಗುತ್ತವೆ.

ಆದರೆ ಮೀಟಿಂಗ್ ಮಾಡಿದ ಮಾತ್ರಕ್ಕೆ ನಿಜ ಬರುವುದಿಲ್ಲ. ಮುಂದಿನ ವರ್ಷದ ಸಂಬಳಕ್ಕೆ ನಿಮ್ಮ ಕೈ ನೋಡುವವರು ನಿಮಗೆ ನಿಜ ಹೇಳಲಾರರು. ಅದು ಅವರ ಗುಣದ ಮಾತಲ್ಲ, ಅವರನ್ನು ನಾವು ಕೂರಿಸಿರುವ ಜಾಗದ ಮಾತು. ಹಾಗಾಗಿ ನಿಜ ಬೇಕು ಅಂದರೆ ಮೊದಲು ದುಡ್ಡು ಕೊಡುವ ರೀತಿ ಬದಲಾಗಬೇಕು. ಒಂದು ವರ್ಷಕ್ಕೆ ಕೊಡುತ್ತಿದ್ದ ಕಡೆ ಐದು ವರ್ಷಕ್ಕೆ ಮಾತು ಕೊಡಬೇಕು. ಇಂಥದ್ದಕ್ಕೇ ಖರ್ಚು ಮಾಡಿ ಅನ್ನದೆ, ಬಾಡಿಗೆಗೆ, ಲೆಕ್ಕಪತ್ರದವರ ಸಂಬಳಕ್ಕೆ, ರಿಪೇರಿಗೆ ಬಳಸಲೂ ಬಿಡಬೇಕು. ಆಡಳಿತದ ಖರ್ಚು ಇಷ್ಟು ಶೇಕಡಾ ದಾಟಬಾರದು ಅನ್ನುವ ನಿಯಮವನ್ನು ನಾನು ಒಪ್ಪುವುದಿಲ್ಲ. ಸ್ಟೆರಿಲೈಸೇಷನ್ ಕೋಣೆಗೆ ಖರ್ಚು ಮಾಡದೆ ಬರೀ ಆಪರೇಷನ್‌ಗೆ ಮಾಡಿ ಅಂತ ಯಾವ ಸರ್ಜನ್ ಹೇಳುತ್ತಾನೆ?

ಉದ್ದ ಕಾಲಕ್ಕೆ ಕೊಡಬೇಕು ಅನ್ನುವುದಕ್ಕೆ ಒಂದು ಉದಾಹರಣೆ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವ ಮಕ್ಕಳಿರುತ್ತಾರೆ. ಹಿಂದೆ ದೊಡ್ಡ ಆಪರೇಷನ್ ಮಾಡುತ್ತಿದ್ದರು. ಅಮೆರಿಕದ ಅಯೋವಾದಲ್ಲಿದ್ದ ಇಗ್ನೇಷಿಯೋ ಪೊನ್ಸೆಟಿ ಅನ್ನುವ ವೈದ್ಯರು ಬೇರೆ ದಾರಿ ತೋರಿಸಿದರು. ವಾರ ವಾರ ಪಾದವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಪ್ಲಾಸ್ಟರ್ ಹಾಕುವುದು. ಐದಾರು ಪ್ಲಾಸ್ಟರ್ ಆದ ಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ತಂತುವಿನಲ್ಲಿ ಒಂದು ಸಣ್ಣ ಕೊಯ್ತ. ಸರ್ಜನ್‌ನ ಪಾಲು ಕೆಲವೇ ನಿಮಿಷ. ಆಮೇಲಿನದೇ ನಿಜವಾದ ಚಿಕಿತ್ಸೆ. ಸರಳಿನಿಂದ ಜೋಡಿಸಿದ ಎರಡು ಸಣ್ಣ ಬೂಟು. ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಇಡೀ ದಿನ, ನಂತರ ಮಗುವಿಗೆ ನಾಲ್ಕು ವರ್ಷವಾಗುವವರೆಗೆ ರಾತ್ರಿ ಹೊತ್ತು. ಮಗು ಅಳುತ್ತದೆ, ತಾಯಿಗೆ ನಿದ್ದೆ ಇಲ್ಲ, ಮನೆಯ ಹಿರಿಯರು ಪಾದ ನೆಟ್ಟಗಾಯಿತಲ್ಲ, ತೆಗೆದು ಬಿಸಾಕು ಅನ್ನುತ್ತಾರೆ. ತೆಗೆದರೆ ಪಾದ ಮತ್ತೆ ತಿರುಗುತ್ತದೆ. ಆ ತಾಯಿಗೆ ಫೋನ್ ಮಾಡುವವರು ಬೇಕು, ಮಗು ಬೆಳೆದಂತೆ ಬೂಟಿನ ಸೈಜು ಬದಲಿಸಿ ಕೊಡುವವರು ಬೇಕು. ಒಂದು ವರ್ಷದ ಅನುದಾನ ಪ್ಲಾಸ್ಟರ್ ಎಣಿಸಿ ಮುಗಿದುಹೋಗುತ್ತದೆ. ಫಲ ಗೊತ್ತಾಗುವುದು ನಾಲ್ಕನೇ ವರ್ಷ.

ಕತ್ತಿ ಬಿಡದೆಯೇ ಇದನ್ನೆಲ್ಲ ಮಾಡಿದ ಸರ್ಜನ್‌ಗಳೂ ಇದ್ದಾರೆ. ಕ್ಯಾಥರಿನ್ ಹ್ಯಾಮ್ಲಿನ್ 1959ರಲ್ಲಿ ಗಂಡನ ಜೊತೆ ಇಥಿಯೋಪಿಯಾಕ್ಕೆ ಹೋದರು. ದಿನಗಟ್ಟಲೆ ಹೆರಿಗೆ ನೋವು ತಿಂದು, ಮಗುವನ್ನೂ ಕಳೆದುಕೊಂಡು, ಮೂತ್ರ ಸೋರುವ ಗಾಯದೊಂದಿಗೆ ಮನೆಯಿಂದ ಹೊರಬಿದ್ದ ಹೆಣ್ಣುಮಕ್ಕಳಿಗಾಗಿ 1974ರಲ್ಲಿ ಅಡಿಸ್ ಅಬಾಬದಲ್ಲಿ ಆಸ್ಪತ್ರೆ ಕಟ್ಟಿದರು. ದಶಕಗಟ್ಟಲೆ ಆ ಗಾಯ ಮುಚ್ಚಿದರು. 2007ರಲ್ಲಿ ಸೂಲಗಿತ್ತಿಯರ ಕಾಲೇಜು ತೆರೆದರು, ಆ ಗಾಯವೇ ಆಗದಿರಲಿ ಅಂತ. ಮಧುರೈನಲ್ಲಿ ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಯ ಅರವಿಂದ್ ಕಣ್ಣಿನ ಆಸ್ಪತ್ರೆ ಶುರು ಮಾಡಿದರು. ಸಂಧಿವಾತದಿಂದ ತಿರುಚಿಹೋಗಿದ್ದ ಬೆರಳುಗಳಲ್ಲೇ ಪೊರೆ ತೆಗೆಯುತ್ತಿದ್ದರು. ದುಡ್ಡು ಕೊಡಬಲ್ಲವರ ಶುಲ್ಕದಲ್ಲಿ ಇಲ್ಲದವರಿಗೆ ಉಚಿತ. ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೂರಿಸುವ ವಿದೇಶದ ಲೆನ್ಸ್ ತುಂಬಾ ದುಬಾರಿಯಾಗಿದ್ದಾಗ, ದಾನವಾಗಿ ಬರುವ ಲೆನ್ಸನ್ನು ಕಾಯುತ್ತಾ ಕೂರದೆ, 1992ರಲ್ಲಿ ಅರವಿಂದ್ ಆಸ್ಪತ್ರೆಯ ಬಳಗ ಆರೋಲ್ಯಾಬ್ ಅನ್ನುವ ತನ್ನದೇ ತಯಾರಿಕಾ ಘಟಕ ಕಟ್ಟಿತು. ಇಂಥವರ ಎದುರು ನಾನು ಕೂತಿರುವ ಕುರ್ಚಿ ಚಿಕ್ಕದು ಅನ್ನಿಸುತ್ತದೆ. ಆದರೆ ಇಂಥ ಕೆಲಸಕ್ಕೆ ಮೊದಲ ಕೆಲವು ವರ್ಷ ಕೈ ಹಿಡಿಯುವವರೂ ಬೇಕಾಗುತ್ತಾರೆ.

ಈ ಕೆಲಸದಲ್ಲಿ ನನಗೆ ಅತಿ ಕಷ್ಟವಾಗಿರುವುದು ಪತ್ರಗಳು. ನಮ್ಮ ಮಗುವಿನ ಆಪರೇಷನ್‌ಗೆ ಇಷ್ಟು ಬೇಕು, ಫೋಟೋ ಕಳಿಸಿದ್ದೇವೆ, ನೀವೂ ಡಾಕ್ಟ್ರಂತೆ, ನಿಮಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆ. ಎಕೋ ವರದಿ ಓದಿದರೆ ಆ ಹೃದಯದ ಗೋಡೆಯ ತೂತು ನನ್ನ ಕಣ್ಣ ಮುಂದೆ ಬರುತ್ತದೆ. ಓಟಿಯಲ್ಲಿದ್ದಾಗ ಎದುರಿಗೆ ಬಂದವರಿಗೆ ಇಲ್ಲ ಅಂದದ್ದಿಲ್ಲ. ಇಲ್ಲಿ ಒಂದು ಮಗುವಿಗೆ ಕೊಡುವ ಹಣದಲ್ಲಿ ಒಂದು ಇಡೀ ಪ್ರದೇಶದ ಸಿಸ್ಟರ್‌ಗಳಿಗೆ ಉಸಿರಾಡದ ನವಜಾತ ಶಿಶುವಿಗೆ ಉಸಿರು ಬರುವಂತೆ ಮಾಡುವುದನ್ನು ಕಲಿಸಬಹುದು. ಲೆಕ್ಕ ಎರಡನೆಯದರ ಕಡೆಗೇ ಇದೆ. ಆ ಲೆಕ್ಕವನ್ನು ನಾನು ಒಪ್ಪುತ್ತೇನೆ, ಅದರಂತೆಯೇ ಸಹಿ ಹಾಕುತ್ತೇನೆ. ಆದರೂ ಆ ಪತ್ರಗಳನ್ನು ಬೇರೆಯವರು ಓದಿ ಉತ್ತರಿಸಲಿ ಅಂತ ಬಿಟ್ಟಿಲ್ಲ. ಯಾವ ಆಸ್ಪತ್ರೆಯಲ್ಲಿ ಯಾವ ಯೋಜನೆಯಡಿ ಈ ಆಪರೇಷನ್ ಉಚಿತವಾಗಿ ಆಗುತ್ತದೆ ಅಂತ ಹುಡುಕಿ, ಫೋನ್ ಮಾಡಿ ಹೇಳುವುದಕ್ಕೆ ಒಬ್ಬರನ್ನು ನೇಮಿಸಿದ್ದೇವೆ. ಇಲ್ಲ ಅನ್ನಬೇಕಾದಾಗ ಪತ್ರಕ್ಕೆ ನನ್ನ ಹೆಸರೇ ಇರುತ್ತದೆ.

ಇನ್ನೊಂದು ಮಾತು, ಚಿಕ್ಕದಾಗಿ. ದತ್ತಿ ಹಣ ಎಷ್ಟು ದೊಡ್ಡದು ಅನ್ನಿಸಿದರೂ ಸರ್ಕಾರದ ಹಣದ ಮುಂದೆ ಸಣ್ಣದು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ಒಮ್ಮೆಲೇ ತಡೆದಾಗ ಎಷ್ಟೋ ದೇಶಗಳಲ್ಲಿ ಎಚ್‌ಐವಿ ಕ್ಲಿನಿಕ್‌ಗಳ ಬಾಗಿಲು ಮುಚ್ಚಿದವು. ಅದೇ ವರ್ಷ ಮೇ ತಿಂಗಳಲ್ಲಿ ಗೇಟ್ಸ್ ಪ್ರತಿಷ್ಠಾನ 2045ರ ಹೊತ್ತಿಗೆ ತನ್ನ ಹಣವನ್ನೆಲ್ಲ ಖರ್ಚು ಮಾಡಿ ಮುಚ್ಚುವುದಾಗಿ ಹೇಳಿತು. ಸರ್ಕಾರ ಬಿಟ್ಟ ಜಾಗವನ್ನು ನಾವು ತುಂಬಲಾಗದು ಅಂತಲೂ ಅದರ ಜೊತೆಗೇ ಹೇಳಿತು. ಅಷ್ಟು ದೊಡ್ಡ ಸಂಸ್ಥೆಯೇ ಹೀಗೆ ಅಂದರೆ ನಮ್ಮಂಥವರ ಪಾಲು ಏನು? ಸರ್ಕಾರಿ ಆಸ್ಪತ್ರೆಯವರು ಮಾಡಲು ಹಿಂಜರಿಯುವುದನ್ನು ಮೊದಲು ಮಾಡಿ ತೋರಿಸುವುದು. ಫಲ ಒಳ್ಳೆಯದಿದ್ದರೆ ಲೆಕ್ಕ ಸಮೇತ ಅವರ ಮುಂದಿಡುವುದು. ಕೆಟ್ಟದಿದ್ದರೂ ಇಡುವುದು.

ಈಗಲೂ ಆಪರೇಷನ್ ಮಾಡುತ್ತೀರಾ ಅಂತ ಕೇಳುತ್ತಾರೆ. ಇಲ್ಲ. ವಾರಕ್ಕೊಂದು ದಿನ ಇಟ್ಟುಕೊಳ್ಳಬಹುದು ಅಂತ ಮೊದಲು ಯೋಚಿಸಿದ್ದೆ. ಹೆಚ್ಚು ಹೆಚ್ಚು ಮಾಡುವವರ ಕೈಯಲ್ಲಿ ರೋಗಿಗಳಿಗೆ ತೊಡಕು ಕಡಿಮೆ ಅನ್ನುವುದು ಸರ್ಜರಿಯಲ್ಲಿ ಮತ್ತೆ ಮತ್ತೆ ಸಾಬೀತಾದ ಮಾತು. ಆಗೊಮ್ಮೆ ಈಗೊಮ್ಮೆ ಬರುವ ಸರ್ಜನ್ ಯಾರಿಗೂ ಬೇಡ. ಕಷ್ಟಪಟ್ಟು ಪೂರ್ತಿ ಬಿಟ್ಟೆ. ಬೆರಳುಗಳಿಗೆ ಗಂಟು ಹಾಕುವ ಅಭ್ಯಾಸ ಮಾತ್ರ ಹೋಗಿಲ್ಲ. ಮೀಟಿಂಗಿನಲ್ಲಿ ಕೂತಾಗ ಕೈಗೆ ದಾರ ಸಿಕ್ಕರೆ ತಾನಾಗೇ ಹಾಕುತ್ತವೆ.

ಮೊನ್ನೆ ಒಬ್ಬ ಯುವ ಸರ್ಜನ್ ಫೋನ್ ಮಾಡಿದ್ದಳು. ಅವಳಿಗೂ ಇಂಥದ್ದೇ ಕೆಲಸಕ್ಕೆ ಕರೆ ಬಂದಿದೆ. "ಮೇಡಂ, ಹೋಗಲಾ ಬೇಡವಾ ನೀವೇ ಹೇಳಿಬಿಡಿ" ಅಂದಳು. ಅದನ್ನು ನಾನು ಹೇಳಲಿಲ್ಲ. ಒಪ್ಪುವ ಮೊದಲು ಅಲ್ಲಿನ ಟ್ರಸ್ಟಿಗಳಿಗೆ ಏನು ಕೇಳಬೇಕು ಅಂತ ಮಾತ್ರ ಹೇಳಿದೆ. ಈವರೆಗೆ ಯಾವ ಅನುದಾನ ಕೆಟ್ಟಿತು, ಅದರ ಕಡತ ತೋರಿಸುತ್ತೀರಾ ಅಂತ ಕೇಳು. ತೋರಿಸಲು ಹಿಂದೆ ಮುಂದೆ ನೋಡಿದರೆ ಅದೇ ಉತ್ತರ. ಒಂದು ಆಸ್ಪತ್ರೆಗೆ ಎಷ್ಟು ವರ್ಷ ಜೊತೆ ನಿಲ್ಲುತ್ತೀರಿ ಅಂತ ಕೇಳು. ಯಂತ್ರ ಕೊಡುವಾಗ ರಿಪೇರಿಯ ದುಡ್ಡನ್ನೂ ಸೇರಿಸುತ್ತೀರಾ ಕೇಳು. ತಿಂಗಳಲ್ಲಿ ಒಂದು ವಾರ ಆಫೀಸಿನಲ್ಲಿ ಕೂರದೆ, ಮುಂಚೆ ತಿಳಿಸದೆ ಆಸ್ಪತ್ರೆಗಳಿಗೆ ಹೋಗಲು ನನ್ನನ್ನು ಬಿಡುತ್ತೀರಾ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೋ. ಅವಳು ಬರೆದುಕೊಳ್ಳುತ್ತಿದ್ದಳು ಅನ್ನಿಸುತ್ತದೆ, ನಡುನಡುವೆ ನಿಲ್ಲಿಸಿ ಇನ್ನೊಮ್ಮೆ ಹೇಳಿ ಅನ್ನುತ್ತಿದ್ದಳು. ಮುಂದಿನ ವಾರ ಅವಳ ಸಂದರ್ಶನ. ಅಲ್ಲಿಯವರೆಗೆ ಅವಳ ಓಟಿ ಲಿಸ್ಟು ತುಂಬಿದೆಯಂತೆ, ನಾಳೆ ಬೆಳಗ್ಗೆ ಮೊದಲ ಕೇಸೇ ಹರ್ನಿಯಾ.